ರಿಯರ್ ಮೇನ್ ಸೀಲ್ ಅಂದ್ರು, ಸಿಕ್ಕಿದ್ದು ಒಂದು ಓ-ರಿಂಗ್

ಒಂದೂವರೆ ವರ್ಷ ನನ್ನ ಕಾರು ನಿಂತ ಕಡೆಯೆಲ್ಲ ಸಹಿ ಹಾಕಿ ಬರುತ್ತಿತ್ತು. 1.6 ಲೀಟರ್, ನಾಲ್ಕು ಸಿಲಿಂಡರ್, ಮೇಲೆ ಈಟನ್ ಎಂ45 ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್), ವಯಸ್ಸು ಇಪ್ಪತ್ತು ದಾಟಿದೆ. ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಮತ್ತು ಬೆಲ್‌ಹೌಸಿಂಗ್ (ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಕವಚ) ಸೇರುವ ಮೂಲೆಯಿಂದ ಆಯಿಲ್ ಹನಿ. ಈಗ ಆರು ತಿಂಗಳಿಂದ ಆ ಮೂಲೆ ಒಣಗಿದೆ. ನಕ್ಕವರೆಲ್ಲ ಈಗ ‘ಹೇಗೆ ಮಾಡಿದೆ’ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನ. ಎಂಜಿನ್ ಮೇಲಿನ ಮುಚ್ಚಳದ, ಅಂದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಬದಲಿಸಿದೆ. ಅದೂ ನಿಜವಾಗಿ ಸೋರುತ್ತಿತ್ತು, ಅದೇ ಆದ ಎಡವಟ್ಟು. ಲೀಕ್ ಅರ್ಧ ಕಮ್ಮಿ ಆಯಿತು, ನಾನು ಹಿಗ್ಗಿದೆ, ಎರಡು ವಾರಕ್ಕೆ ಮತ್ತೆ ಹನಿ. ಆಮೇಲೆ ಸಂಪ್ ಗ್ಯಾಸ್ಕೆಟ್. ಎರಡು ವಾರಾಂತ್ಯ ಕಾರಿನ ಕೆಳಗೇ ಮಲಗಿದ್ದೆ, ಒಂದು ಬೋಲ್ಟ್ ಜಾಸ್ತಿ ಬಿಗಿ ಮಾಡಿ ಅಲ್ಯೂಮಿನಿಯಂ ಥ್ರೆಡ್ ಕಿತ್ತುಕೊಂಡು ಬಂತು, ಅದಕ್ಕೆ ಇನ್ಸರ್ಟ್ ಹಾಕಿಸಬೇಕಾಯಿತು. ಹನಿ ಮಾತ್ರ ಅಲ್ಲೇ.

ಸೋತು ಗ್ಯಾರೇಜ್‌ಗೆ ಕೊಟ್ಟೆ. ಐದು ನಿಮಿಷ ಐಡಲ್‌ನಲ್ಲಿ (ನಿಂತಲ್ಲೇ, ಪೆಡಲ್ ಒತ್ತದೆ) ಓಡಿಸಿ, ಕೆಳಗೆ ಬಗ್ಗಿ ನೋಡಿ, ರಿಯರ್ ಮೇನ್ ಸೀಲ್ ಅಂದರು, ಕ್ರ್ಯಾಂಕ್‌ಶಾಫ್ಟ್ ಹಿಂದಿನ ತುದಿಯ ಸೀಲ್. ಗೇರ್‌ಬಾಕ್ಸ್ ಇಳಿಸಿ ಸೀಲ್ ಹಾಕಿದರು. ಆ ಬಿಲ್ ಕಾರಿನ ಇವತ್ತಿನ ಬೆಲೆಯ ಕಾಲು ಭಾಗದ ಹತ್ತಿರ ಇತ್ತು, ಮನೆಯಲ್ಲಿ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ. ಮೂರು ವಾರಕ್ಕೆ ಅದೇ ಮೂಲೆ, ಅದೇ ಹನಿ.

ಆಗ ಒಂದು ವಿಷಯ ತಲೆಗೆ ಹೊಳೆಯಿತು. ಕೆಳಗೆ ಕಾರ್ಡ್‌ಬೋರ್ಡ್ ಹಾಸಿ ಒಂದು ಗಂಟೆ ಐಡಲ್ ಬಿಟ್ಟೆ, ಒಂದು ಹನಿಯೂ ಇಲ್ಲ. ನಿಧಾನವಾಗಿ ಓಡಿಸಿದ ದಿನವೂ ಇಲ್ಲ. ಏರು ರಸ್ತೆಯಲ್ಲಿ ಒತ್ತಿ ಓಡಿಸಿದ ಮಾರನೇ ದಿನ ಮಾತ್ರ ಅಂಗೈ ಅಗಲದ ಕಲೆ. ಅಂದರೆ ಬೂಸ್ಟ್ (ಸೂಪರ್‌ಚಾರ್ಜರ್ ತಳ್ಳುವ ಗಾಳಿಯ ಒತ್ತಡ) ಇದ್ದಾಗ ಮಾತ್ರ ಸೋರುತ್ತಿದೆ ಅಲ್ವಾ? ಐಡಲ್‌ನಲ್ಲಿ ನೋಡಿದವರಿಗೆ ಏನು ಕಾಣಬೇಕು?

ಎಂಜಿನ್ ಒಳಗಿನ ಒತ್ತಡ ಅಳೆಯಲು, ಆಯಿಲ್ ಮಟ್ಟ ನೋಡುವ ಕಡ್ಡಿಯ ಕೊಳವೆಗೆ, ಅಂದರೆ ಡಿಪ್‌ಸ್ಟಿಕ್ ಟ್ಯೂಬ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಬಾನೆಟ್ ಸಂದಿನಿಂದ ಕಿಟಕಿಯೊಳಗೆ ತಂದು, ಹಲಗೆಯ ಮೇಲೆ ಯು ಆಕಾರದಲ್ಲಿ ಬಗ್ಗಿಸಿ ಟೇಪ್ ಹಚ್ಚಿ ಬಣ್ಣದ ನೀರು ತುಂಬಿದೆ. ಹಳೆ ಪ್ಲಾಸ್ಟಿಕ್ ಡಿಪ್‌ಸ್ಟಿಕ್ ಟ್ಯೂಬ್ ಮುಟ್ಟಿದರೆ ಮುರಿಯುತ್ತದೆ ಅಂತ ನಿಮಗೂ ಗೊತ್ತು. ಅದನ್ನು ಬಿರುಕು ಬಿಡದ ಹಾಗೆ ಸೀಲ್ ಮಾಡಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ‘ಅಕ್ವೇರಿಯಂ ಇಟ್ಕೊಂಡಿದ್ದೀಯಾ’ ಅಂತ ಗೆಳೆಯ ನಕ್ಕ. ಅವನನ್ನೇ ಪಕ್ಕದಲ್ಲಿ ಕೂರಿಸಿದೆ.

ಐಡಲ್‌ನಲ್ಲಿ ನೀರು ಒಂದೆರಡು ಸೆಂಟಿಮೀಟರ್ ಎಂಜಿನ್ ಕಡೆ ಎಳೆಯಿತು, ಸರಿಯಾಗೇ ಇದೆ. ಮೂರನೇ ಗೇರ್, ಪೆಡಲ್ ಪೂರ್ತಿ ಒತ್ತಿದೆ. ನೀರು ಉಲ್ಟಾ ಏರಿತು, ಹತ್ತು, ಇಪ್ಪತ್ತು, ನಲವತ್ತರ ಹತ್ತಿರ ಹೋಗಿ ಪೈಪ್ ಬಾಯಿಂದ ಚಿಮ್ಮಿ ಸೀದಾ ಅವನ ಅಂಗಿ ಮೇಲೆ. ಆಮೇಲೆ ಅವನು ನಗಲಿಲ್ಲ.

ಎಂಜಿನ್ ಒಳಗಿನ ಆವಿಯನ್ನು ಮತ್ತೆ ಗಾಳಿ ಎಳೆಯುವ ದಾರಿಗೆ ಬಿಡುವ ಪಿಸಿವಿ ವಾಲ್ವ್ ಬಿಚ್ಚಿ ಬಾಯಲ್ಲಿ ಊದಿದೆ. ಒಂದೇ ಕಡೆ ಗಾಳಿ ಬಿಡಬೇಕಾದದ್ದು ಎರಡೂ ಕಡೆ ಬಿಡುತ್ತಿತ್ತು. ಬೂಸ್ಟ್ ಬಂದಾಗ ಮುಚ್ಚಿಕೊಳ್ಳುವ ಬದಲು ಸಿಲಿಂಡರ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನ ಒತ್ತಡವನ್ನೆಲ್ಲ ಎಂಜಿನ್ ಕೆಳಭಾಗದ ಕ್ರ್ಯಾಂಕ್‌ಕೇಸ್ ಒಳಗೆ ತಳ್ಳುತ್ತಿತ್ತು. ಆವಿ ಹೋಗುವ ಇನ್ನೊಂದು ದಾರಿಯಾದ ಬ್ರೀದರ್ ಪೈಪ್ ಒಳಗೆ ಕೆಸರು ಕಟ್ಟಿ ಬೆರಳು ತೂರದಷ್ಟು ಸಣ್ಣಗಾಗಿತ್ತು. ಒಳಗಿನ ಒತ್ತಡ ಎಲ್ಲಿಗೆ ಹೋಗಬೇಕು? ಯಾವ ಸೀಲ್ ಸೋತಿದೆಯೋ ಅಲ್ಲಿಗೆ.

ಆ ಸೀಲ್ ಯಾವುದು ಅಂತ ಹುಡುಕಲು ಎಂಜಿನ್ ಪೂರ್ತಿ ತೊಳೆದು ಒಣಗಿಸಿದೆ. ಎಂಜಿನ್ ಆಯಿಲ್‌ಗೆ ಸುಮಾರು 30 ಮಿಲಿ ಯುವಿ ಡೈ (ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ) ಹಾಕಿ ಇನ್ನೊಂದು ಸಲ ಒತ್ತಿ ಓಡಿಸಿ ಬಂದೆ. ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಹಿಡಿದರೆ ಬೆಲ್‌ಹೌಸಿಂಗ್ ಮೂಲೆಯಿಂದ ಸಂಪ್ ಅಂಚಿನ ಗುಂಟ ಒಂದು ಹಸಿರು ಗೆರೆ. ಬೆರಳಿಟ್ಟು ಹಿಂದೆ ಹಿಂದೆ ಹೋದರೆ ಅದು ಮೇಲಕ್ಕೆ ಹತ್ತಿ ಆಯಿಲ್ ಫಿಲ್ಟರ್ ಹೌಸಿಂಗ್ ಪಕ್ಕ, ಕ್ರ್ಯಾಂಕ್‌ಶಾಫ್ಟ್ ತಿರುಗುವುದನ್ನು ಓದುವ ಕ್ರ್ಯಾಂಕ್ ಸೆನ್ಸರ್ ಹತ್ತಿರ ಮಾಯ. ಖಾತ್ರಿ ಮಾಡಿಕೊಳ್ಳಲು ಬ್ರೀದರ್‌ಗಳನ್ನು ಮುಚ್ಚಿ, ರೆಗ್ಯುಲೇಟರ್‌ನಿಂದ ಎಂಜಿನ್ ಒಳಗೆ 0.1 ಬಾರ್ ಗಾಳಿ ಕೊಟ್ಟೆ. ಇದಕ್ಕಿಂತ ಜಾಸ್ತಿ ಕೊಡಬೇಡಿ, ಒಳ್ಳೆ ಸೀಲ್‌ಗಳೂ ಹೊರಗೆ ಬರುತ್ತವೆ. ಗಾಳಿ ಪಿಸ್ಟನ್ ರಿಂಗ್ ದಾಟಿ ಎಕ್ಸಾಸ್ಟ್‌ನಲ್ಲಿ ಸುಯ್ ಅನ್ನುತ್ತದೆ, ಅದಕ್ಕೆ ಹೆದರಬೇಡಿ. ಸೆನ್ಸರ್ ಕುತ್ತಿಗೆಗೆ ಸೋಪಿನ ನೀರು ಬಿಟ್ಟೆ. ಒಂದು ಗುಳ್ಳೆ ನಿಧಾನವಾಗಿ ಉಬ್ಬಿತು, ಒಡೆಯಿತು, ಅಲ್ಲೇ ಇನ್ನೊಂದು.

ಸೆನ್ಸರ್ ಅಂಟಿಕೊಂಡಿತ್ತು, ಎಳೆದು ಕೀಳಲು ಹೋಗಬೇಡಿ, ತುಂಡಾಗುತ್ತದೆ. ಅದರ ಜೊತೆ ಹೊರಗೆ ಬಂದ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ದುಂಡಗೇ ಇರಲಿಲ್ಲ, ಒತ್ತಿ ಒತ್ತಿ ಚಪ್ಪಟೆ ಆಗಿತ್ತು. ಬಗ್ಗಿಸಿದರೆ ಟಪ್ ಅಂತ ಎರಡು ತುಂಡು. ಹೊಸದಕ್ಕೆ ಕೊಟ್ಟದ್ದು ಜೇಬಿನ ಚಿಲ್ಲರೆ. ಪಿಸಿವಿ ವಾಲ್ವ್, ಬ್ರೀದರ್ ಪೈಪ್ ಎಲ್ಲ ಸೇರಿದರೂ ಗ್ಯಾರೇಜ್ ಬಿಲ್‌ನ ಇಪ್ಪತ್ತರಲ್ಲಿ ಒಂದು ಪಾಲು ಆಗಲಿಲ್ಲ. ಮತ್ತೆ ನೀರಿನ ಪೈಪ್ ಕಟ್ಟಿ ಓಡಿಸಿದೆ. ಪೂರ್ತಿ ಬೂಸ್ಟ್‌ನಲ್ಲೂ ಮೂರು ಸೆಂಟಿಮೀಟರ್ ದಾಟಲಿಲ್ಲ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದ್ದೆ. ದಪ್ಪ ಆಯಿಲ್ ಹಾಕಿ ನೋಡಿದೆ, ಒಂದು ವಾರ ಕಮ್ಮಿ, ಆಮೇಲೆ ಅಷ್ಟೇ. ಲೀಕ್ ನಿಲ್ಲಿಸುವ ಡಬ್ಬಿ ದುಡ್ಡು ದಂಡ. ಹಿಂದಿನ ಮಾಲೀಕ ಹಾಕಿದ್ದ ಸೂಪರ್‌ಚಾರ್ಜರ್‌ನ ಸಣ್ಣ ಪುಲ್ಲಿ ತೆಗೆದು ಮೂಲದ್ದನ್ನು ಹಾಕಿದಾಗ ಬೂಸ್ಟ್ ಇಳಿಯಿತು, ಹನಿಯೂ ಇಳಿಯಿತು. ಸುಳಿವು ಕಣ್ಣೆದುರೇ ಇತ್ತು, ನನಗೆ ಆಗ ಹೊಳೆಯಲಿಲ್ಲ. ಈಗ ಬ್ರೀದರ್ ಆವಿಯಲ್ಲಿನ ಆಯಿಲ್ ಹಿಡಿಯುವ ಕ್ಯಾಚ್ ಕ್ಯಾನ್ ಹಾಕಿದ್ದೇನೆ, ಸಾವಿರ ಕಿಲೋಮೀಟರ್‌ಗೆ 40-50 ಮಿಲಿ ಕೊಳಕು ಸಿಗುತ್ತದೆ.

ಮೊನ್ನೆ ಸೂಪರ್‌ಚಾರ್ಜರ್ ಪುಲ್ಲಿ ಹಿಂದೆ ಹೊಸದಾಗಿ ಒಂದು ಒದ್ದೆ ಕಂಡಿತು. ಎದೆ ಧಸಕ್ಕೆಂದಿತು. ಟಾರ್ಚ್ ಹಿಡಿದೆ, ಹೊಳೆಯಲಿಲ್ಲ. ಬೆರಳಿಗೆ ಹಚ್ಚಿ ಮೂಸಿದೆ, ಮೂಗು ಮುಚ್ಚಿಕೊಳ್ಳುವ ಆ ಕೊಳೆತ ವಾಸನೆ. ಡೈ ಹಾಕಿದ್ದು ಎಂಜಿನ್‌ಗೆ ಮಾತ್ರ, ಇದು ಸೂಪರ್‌ಚಾರ್ಜರ್ ಗೇರ್‌ನ ಸ್ವಂತ ಆಯಿಲ್. ಒಳಗಿರುವುದೇ ಸ್ವಲ್ಪ, ಖಾಲಿ ಆಗುವ ಮೊದಲು ಪುಲ್ಲಿ ಕಡೆಯ ಮೂತಿಯ ಸೀಲ್, ಅಂದರೆ ಸ್ನೌಟ್ ಸೀಲ್ ಬಿಚ್ಚಬೇಕು.