ವಿಂಡೋಸ್ 98ರಲ್ಲಿ 1 ಜಿಬಿ ರ‍್ಯಾಮ್: ನಾನು ಮಾಡುವ ಬಗೆ

ಕಲಬುರಗಿಯ ತೊಗರಿ ಬೇಳೆ ಮಿಲ್ಲುಗಳ ತೂಕದ ಕಾಟಾದಲ್ಲಿ ಇನ್ನೂ ಅಲ್ಲಲ್ಲಿ ವಿಂಡೋಸ್ 98 ಓಡುತ್ತಿದೆ. ಕಾಟಾದ ಪ್ರೋಗ್ರಾಮು ಡಾಸ್ ಕಾಲದ್ದು, ಬದಲಿಸಲು ಯಾರಿಗೂ ಮನಸ್ಸಿಲ್ಲ. ಹಳೆ 128, 256 ಎಂಬಿಯ ಡಿಡಿಆರ್ ರ‍್ಯಾಮ್ ಕೆಟ್ಟರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೈಗೆ ಸಿಗುವುದು 1 ಜಿಬಿಯದು. ಅದನ್ನು ಸುಮ್ಮನೆ ಸಿಕ್ಕಿಸಿದರೆ ಡಾಸ್ ಕಿಟಕಿ ತೆರೆಯುವಾಗ ‘ಮೆಮೊರಿ ಸಾಲದು’ ಎನ್ನುತ್ತದೆ. ಮಾಲೀಕರು ಇನ್ನೊಂದು ರ‍್ಯಾಮ್ ತಂದು ಹಾಕುತ್ತಾರೆ, ರೋಗ ಹೆಚ್ಚುತ್ತದೆ.

ಇಲ್ಲಿ ಸಾಲದಾಗುವುದು ರ‍್ಯಾಮ್ ಅಲ್ಲ, ಮೆಮೊರಿಯ ಜಾಗಗಳನ್ನು ಗುರುತಿಸುವ ವಿಳಾಸ ಸಂಖ್ಯೆಗಳು. ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಕ್ಯಾಶನ್ನು ನೋಡಿಕೊಳ್ಳುವ ವಿಂಡೋಸ್ ಭಾಗ ವಿಕ್ಯಾಶ್, ರ‍್ಯಾಮ್ ಎಷ್ಟಿದೆಯೋ ಅದಕ್ಕೆ ತಕ್ಕಂತೆ ತನ್ನ ಮಿತಿ ಏರಿಸಿಕೊಳ್ಳುತ್ತದೆ. ಸಿಸ್ಟಮ್‌ಗೆಂದು ಮೀಸಲಾದ 1 ಜಿಬಿ ವಿಳಾಸಗಳನ್ನು ಅದೇ ನುಂಗಿದರೆ ಡಾಸ್ ಕಿಟಕಿಗೆ ಜಾಗವಿಲ್ಲ. ಎಜಿಪಿ ಸ್ಲಾಟಿನ ಗ್ರಾಫಿಕ್ಸ್ ಕಾರ್ಡಿಗೆಂದು ಬಿಡುವ ವಿಳಾಸಗಳ ಪಟ್ಟಿ, ಅಂದರೆ ಅಪರ್ಚರ್ ಕೂಡ ಅಲ್ಲೇ ಕೂರುತ್ತದೆ.

ಹಳೆ ರ‍್ಯಾಮ್ ಇನ್ನೂ ನಡೆಯುತ್ತಿದ್ದರೆ ಹೊಸದು ಹಾಕುವ ಮೊದಲೇ ಕೆಲಸ ಮುಗಿಸಿ. ವಿಂಡೋಸ್ ಫೋಲ್ಡರಿನ ಸಿಸ್ಟಮ್.ಐಎನ್‌ಐ (SYSTEM.INI) ಫೈಲಿನ ಪ್ರತಿ ತೆಗೆದಿಟ್ಟು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ವಿಕ್ಯಾಶ್ [vcache] ವಿಭಾಗದ ಕೆಳಗೆ ‘ಮ್ಯಾಕ್ಸ್‌ಫೈಲ್‌ಕ್ಯಾಶ್=262144’ (MaxFileCache=262144) ಎಂದು ಇಂಗ್ಲಿಷಿನಲ್ಲಿ ಬರೆಯಿರಿ; ಲೆಕ್ಕ ಕೆಬಿಯಲ್ಲಿ, ಅಂದರೆ 256 ಎಂಬಿ. ಮೈಕ್ರೋಸಾಫ್ಟ್ ಹೇಳುವ ಮೇಲ್ಮಿತಿ 524288. ಎಜಿಪಿ ಕಾರ್ಡ್ ಇರುವಲ್ಲಿ ನಾನು ಅಷ್ಟು ದೂರ ಹೋಗುವುದಿಲ್ಲ, ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಅಪರ್ಚರನ್ನೂ 64 ಎಂಬಿಗೆ ಇಳಿಸುತ್ತೇನೆ. ಕಾಟಾ ಚೀಟಿ ಮುದ್ರಿಸಲು ಅದಕ್ಕಿಂತ ಹೆಚ್ಚು ಯಾಕೆ ಬೇಕು?

ಹೊಸ ರ‍್ಯಾಮ್ ಹಾಕಿದ ಮೇಲೆ ವಿಂಡೋಸ್ ಏಳದೇ ಇದ್ದರೆ ಯಂತ್ರ ಶುರುವಾಗುವಾಗ ಎಫ್8 ಒತ್ತಿ, ಕಮಾಂಡ್ ಪ್ರಾಂಪ್ಟ್ ಓನ್ಲಿ ಆರಿಸಿ, ಡಾಸ್‌ನ ಎಡಿಟ್ (EDIT) ಪ್ರೋಗ್ರಾಮಿನಿಂದ ಅದೇ ಫೈಲ್ ತೆರೆಯಿರಿ. 386ಎನ್ಹ್ [386Enh] ವಿಭಾಗದಲ್ಲಿ ‘ಮ್ಯಾಕ್ಸ್‌ಫಿಜ್‌ಪೇಜ್=20000’ (MaxPhysPage=20000) ಸೇರಿಸಿ; ವಿಂಡೋಸ್ ಬಳಸುವ ಮೆಮೊರಿಗೆ ಇದು ಮಿತಿ ಹಾಕುತ್ತದೆ. ಇದು ಹೆಕ್ಸ್, ಅಂದರೆ ಹದಿನಾರರ ಲೆಕ್ಕದ ಸಂಖ್ಯೆ: 4 ಕೆಬಿಯ 131072 ಪುಟ, ಒಟ್ಟು 512 ಎಂಬಿ. ಕೆಲವರು 131072 ಎಂದೇ ಬರೆಯುತ್ತಾರೆ. ವಿಂಡೋಸ್ ಅದನ್ನೂ ಹೆಕ್ಸ್ ಎಂದೇ ಓದಿ ಮಿತಿಯನ್ನು 4 ಜಿಬಿಯಾಚೆ ಒಯ್ಯುತ್ತದೆ, ಬರೆದದ್ದು ವ್ಯರ್ಥ.

1.5 ಜಿಬಿ ದಾಟಬೇಡಿ, ಯಂತ್ರ ಮತ್ತೆ ಮತ್ತೆ ರೀಬೂಟ್ ಆಗುತ್ತಲೇ ಇರಬಹುದು.

ಸೆಟ್ಟಿಂಗ್ ಸರಿಯಿದ್ದೂ ನೀಲಿ ಪರದೆ ಬಂದರೆ ಬೇಳೆ ಧೂಳನ್ನು ಅನುಮಾನಿಸಿ. ಪವರ್ ತೆಗೆದು ರ‍್ಯಾಮಿನ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಸ್ಲಾಟಿಗೆ ಬ್ರಷ್ ಆಡಿಸಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಪ್ರೋಗ್ರಾಮನ್ನು ಪೂರ್ತಿ ಒಂದು ಸುತ್ತು ಓಡಿಸಿ. ಆಮೇಲೆ ಮೂರು ಡಾಸ್ ಕಿಟಕಿ ಒಟ್ಟಿಗೆ ತೆರೆದಿಟ್ಟು ಒಂದು ಚೀಟಿ ಮುದ್ರಿಸಿ. ದೂರು ಬರಲಿಲ್ಲವೆಂದರೆ ಕ್ಯಾಬಿನೆಟ್ಟಿನ ಸ್ಕ್ರೂ ಬಿಗಿಯಬಹುದು.