ಓಪಿ ಚೀಟಿ, ತಾಯಿ ಕಾರ್ಡು, ಹಳೇ ಕ್ಯಾಲೆಂಡರು

ನಾನು ಒಂಬತ್ತು ವರ್ಷದಿಂದ ಒಂದು ಸಾಂತ್ವನ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ತುಮಕೂರು ಕಡೆಯ ತಾಲ್ಲೂಕು ಊರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯೇ ನಮ್ಮ ಕೇಂದ್ರ. ಒಂದು ಬೀರು, ಎರಡು ಮೇಜು, ಆರು ಪ್ಲಾಸ್ಟಿಕ್ ಕುರ್ಚಿ. ಸಾಂತ್ವನ ರಾಜ್ಯ ಸರ್ಕಾರದ ಯೋಜನೆ, 2000-01ರಲ್ಲಿ ಶುರುವಾದದ್ದು. ದುಡ್ಡು ಸರ್ಕಾರದ್ದು, ನಡೆಸುವುದು ಸ್ವಯಂಸೇವಾ ಸಂಸ್ಥೆ. ಮನೆಯಲ್ಲಿ ಏಟು ತಿಂದ ಹೆಣ್ಣುಮಕ್ಕಳು ಎಷ್ಟೋ ಸಲ ಮೊದಲು ಮೆಟ್ಟಿಲು ಹತ್ತುವುದು ಇಂಥ ಜಾಗಕ್ಕೆ.

ಪೇಪರಿನಲ್ಲಿ ಯಾವುದಾದರೂ ಘೋರ ಸುದ್ದಿ ಬಂದಾಗ ನೆಂಟರು, ಪರಿಚಯದವರು ನನ್ನನ್ನು ಕೇಳುತ್ತಾರೆ, "ಸರ್ಕಾರ ಏನ್ ಮಾಡ್ತಿದೆ?" ಅಂತ. ಸರ್ಕಾರ ಕಾನೂನು ಮಾಡಿದೆ. ದುಡ್ಡನ್ನೂ ಇಟ್ಟಿದೆ. ಆದರೆ ಆ ಕಾನೂನು ಒಬ್ಬ ಹೆಂಗಸಿನ ಕೈಗೆ ಸಿಗಬೇಕಾದರೆ ಅವಳ ಪಕ್ಕ ಕೂತು ಬರೆಯುವವರು ಬೇಕು, ಅವಳ ಜೊತೆ ಬಸ್ಸು ಹತ್ತುವವರು ಬೇಕು. ನನ್ನ ಕೆಲಸ ಅದೇ. ಇದನ್ನು ನಾನು ಕಲಿತದ್ದು ಒಂದು ದೊಡ್ಡ ತಪ್ಪು ಮಾಡಿ.

ಸೇರಿದ ಮೊದಲ ವರ್ಷ ನನಗೆ ರಾಜಿ ಮಾಡಿಸುವುದೇ ಕೆಲಸ ಅಂತ ಅನ್ನಿಸಿತ್ತು. ಗಂಡನ ಕಡೆಯವರನ್ನು ಕರೆಸುವುದು, ಹೆಂಡತಿ ಕಡೆಯವರನ್ನು ಕರೆಸುವುದು, ಬುದ್ಧಿ ಹೇಳುವುದು, ಮುಚ್ಚಳಿಕೆ ಬರೆಸಿಕೊಳ್ಳುವುದು. ಸಂಜೆ ಹೊತ್ತಿಗೆ ಇಬ್ಬರೂ ಒಂದೇ ಬೈಕಿನಲ್ಲಿ ಹೊರಟರೆ ಮನಸ್ಸಿಗೆ ಸಮಾಧಾನ. ತಿಂಗಳ ವರದಿಯಲ್ಲಿ ಅಷ್ಟು ರಾಜಿ, ಇಷ್ಟು ರಾಜಿ ಅಂತ ಬರೆಯುವಾಗ ಹೆಮ್ಮೆ ಆಗುತ್ತಿತ್ತು. ಹಾಗೆ ಕಳಿಸಿದ ಒಬ್ಬ ಹುಡುಗಿ ಹತ್ತೊಂಬತ್ತು ದಿನಕ್ಕೆ ವಾಪಸ್ ಬಂದಳು. ಎಡಗೈಗೆ ಪಟ್ಟಿ. "ನೀವು ಹೇಳಿದ್ರಲ್ಲಾ ಮೇಡಂ, ಇನ್ಮೇಲೆ ಹೊಡೆಯಲ್ಲ ಅಂತ" ಅಂದಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅವಳು ನನ್ನನ್ನು ನಂಬಿದ್ದಳು, ಅಷ್ಟೇ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಮುಚ್ಚಳಿಕೆ ಅನ್ನುವುದು ಒಂದು ಹಾಳೆ. ಅದನ್ನು ಮುರಿದವನಿಗೆ ಏನೂ ಆಗುವುದಿಲ್ಲ. ಮುರಿದರೆ ಕೇಳುವವರಿರುವ ಕಾಗದ ಬೇಕು.

ಅಂಥ ಕಾಗದ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ಕ್ಕೆ. ನಮ್ಮಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಗಂಡ ಜೈಲಿಗೆ ಹೋಗಲಿ ಅಂತ ಕೇಳುವುದಿಲ್ಲ. ಹೊಡೆತ ನಿಲ್ಲಬೇಕು, ಮನೆಯಿಂದ ಆಚೆ ಹಾಕಬಾರದು, ಮಕ್ಕಳ ಖರ್ಚಿಗೆ ಕೊಡಬೇಕು ಅಂತ ಕೇಳುತ್ತಾರೆ. ಈ ಕಾಯ್ದೆ ಇರುವುದೇ ಅದಕ್ಕೆ. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು, ಮನೆಯಲ್ಲೇ ಇರುವ ಹಕ್ಕಿನ ಆದೇಶ ಕೊಡಬಹುದು, ಖರ್ಚಿಗೆ ದುಡ್ಡು ಕೊಡಿಸಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ನಮ್ಮಲ್ಲಿ ಇದೆಲ್ಲ ಶುರುವಾಗುವುದು ಕೌಟುಂಬಿಕ ಘಟನಾ ವರದಿಯಿಂದ. ನಾವು ಡಿಐಆರ್ ಅನ್ನುತ್ತೇವೆ. ಅದನ್ನು ತಯಾರಿಸಬೇಕಾದವರು ಕಾಯ್ದೆಯ ಪ್ರಕಾರ ರಕ್ಷಣಾಧಿಕಾರಿ. ನಮ್ಮ ತಾಲ್ಲೂಕಿನಲ್ಲಿ ರಕ್ಷಣಾಧಿಕಾರಿ ಅಂದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಗಳ ಪೂರ್ತಿ ಹೊಣೆ ಹೊತ್ತವರ ಮೇಲೇ ಇದೂ ಬಿದ್ದಿದೆ. ಮೊಟ್ಟೆ, ಪೌಷ್ಟಿಕ ಆಹಾರ, ಕಟ್ಟಡ ರಿಪೇರಿ, ಸಭೆ ಎಲ್ಲ ಮುಗಿಸಿ ಒಬ್ಬ ಹೆಂಗಸಿನ ಎದುರು ಎರಡು ಗಂಟೆ ಕೂರಲು ಅವರಿಗೆ ಸಮಯ ಎಲ್ಲಿದೆ? ಇದು ವ್ಯಕ್ತಿಯ ತಪ್ಪಲ್ಲ. ಈ ಕೆಲಸಕ್ಕೇ ಅಂತ ಪ್ರತ್ಯೇಕ ಹುದ್ದೆ ಬೇಕು, ಅದಕ್ಕೆ ಸಂಬಳ ಬೇಕು. ಅದಾಗುವ ತನಕ ಹೆಂಗಸಿನ ಜೊತೆ ಕೂತು ವಿವರ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ.

ಆ ನಮೂನೆಯಲ್ಲಿ ಒಂದು ಕೋಷ್ಟಕ ಇದೆ. ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ, ಯಾರು, ಏನು ಮಾಡಿದರು. ಮೊದಮೊದಲು ನಾನು ನೇರವಾಗಿ "ತಾರೀಕು ಹೇಳಮ್ಮ" ಅನ್ನುತ್ತಿದ್ದೆ. ಅವರು ಸುಮ್ಮನಾಗಿಬಿಡುತ್ತಿದ್ದರು. ಏಟು ತಿಂದವರು ತಾರೀಕು ಬರೆದಿಟ್ಟುಕೊಂಡಿರುತ್ತಾರಾ? "ತುಂಬಾ ಸಲ ಹೊಡ್ದವ್ರೆ" ಅನ್ನುತ್ತಿದ್ದರು. ಅಷ್ಟನ್ನೇ ಬರೆದರೆ ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ. ಆಮೇಲೆ ಕೇಳುವ ರೀತಿ ಬದಲಾಯಿಸಿದೆ. ಗೌರಿ ಹಬ್ಬಕ್ಕೆ ಮುಂಚೆನಾ, ಆಮೇಲಾ? ರಾಗಿ ಕೊಯ್ಲು ಆಗಿತ್ತಾ? ಊರ ಜಾತ್ರೆಗೆ ತವರಿನವರು ಬಂದಿದ್ದರಾ? ಪಾಪುಗೆ ಚುಚ್ಚುಮದ್ದು ಹಾಕಿಸಿದ್ದು ಆ ವಾರನಾ? ಹೀಗೆ ಕೇಳಿದರೆ ನೆನಪು ಒಂದೊಂದಾಗಿ ಬರುತ್ತದೆ. ಅದಕ್ಕೇ ನಾನು ಹಳೇ ಕ್ಯಾಲೆಂಡರ್ ಬಿಸಾಡುವುದಿಲ್ಲ. ಬೀರುವಿನ ಮೇಲೆ ಏಳು ವರ್ಷದ ಗೋಡೆ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಇಟ್ಟಿದ್ದೇನೆ. ಅದನ್ನು ಮೇಜಿನ ಮೇಲೆ ಹರಡಿದರೆ ಹೆಂಗಸು ತಾನೇ ಬೆರಳಿಟ್ಟು ತೋರಿಸುತ್ತಾಳೆ, "ಇದೇ ಅಮಾಸೆ ಕಣಕ್ಕ, ಮಾರನೇ ದಿನ."

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ. 2023ರ ಮಳೆಗಾಲ, ಶಕ್ತಿ ಯೋಜನೆಯ ಉಚಿತ ಬಸ್ಸು ಶುರುವಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಬಂದವಳು ಕೂತ ತಕ್ಷಣ ಹೇಳಿದ ಮೊದಲ ಮಾತು, "ಬಸ್ ಚಾರ್ಜ್ ಇಲ್ದಿದ್ದಕ್ಕೆ ಬಂದೆ ಮೇಡಂ." ಗಂಡನನ್ನು ಇಪ್ಪತ್ತು ರೂಪಾಯಿ ಕೇಳಿದರೂ ಎಲ್ಲಿಗೆ, ಯಾಕೆ ಅಂತ ಹೇಳಬೇಕಿತ್ತಂತೆ. ಈ ಯೋಜನೆ ಮಾಡುವಾಗ ಯಾರು ಏನು ಲೆಕ್ಕ ಹಾಕಿದ್ದರೋ, ನನಗಂತೂ ಆ ಒಂದು ಮಾತು ಸಾಕು. ಆ ವರ್ಷದಿಂದ ನಮ್ಮಲ್ಲಿಗೆ ಹಳ್ಳಿಗಳಿಂದ ಒಬ್ಬೊಬ್ಬರೇ ಬರುವುದು ಜಾಸ್ತಿಯಾಗಿದೆ. ಮುಂಚೆ ಅಣ್ಣನೋ ಅಪ್ಪನೋ ಕರೆದುಕೊಂಡು ಬಂದರೆ ಮಾತ್ರ ಬರುತ್ತಿದ್ದರು.

ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಆಧಾರ್ ಕಾರ್ಡಿನ ಜೆರಾಕ್ಸು, ಮಡಿಕೆಯಲ್ಲಿ ಹರಿದ ಲಗ್ನಪತ್ರಿಕೆ, ಬಸುರಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡು, ಸರ್ಕಾರಿ ಆಸ್ಪತ್ರೆಯ ಓಪಿ (ಹೊರರೋಗಿ) ಚೀಟಿಗಳು. ಮದುವೆ ರಿಜಿಸ್ಟರ್ ಆಗಿರಲಿಲ್ಲ. "ಪ್ರೂಫ್ ಏನೂ ಇಲ್ಲ ಮೇಡಂ" ಅಂದಳು. ನಾನು ತಾಯಿ ಕಾರ್ಡು ತೆಗೆದು ತೋರಿಸಿದೆ. ಗಂಡನ ಹೆಸರು, ಮನೆ ವಿಳಾಸ, ತಿಂಗಳು ತಿಂಗಳು ಆಶಾ ಕಾರ್ಯಕರ್ತೆ ತುಂಬಿದ ತಾರೀಕು. ಅವಳು ಆ ಮನೆಯಲ್ಲೇ ಬಾಳಿದ್ದಳು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕಾಗದ ಯಾವುದಿದೆ? ಲಗ್ನಪತ್ರಿಕೆ, ರೇಷನ್ ಕಾರ್ಡು, ಅಂಗನವಾಡಿಯ ದಾಖಲಾತಿ ಎಲ್ಲವೂ ಕೆಲಸಕ್ಕೆ ಬರುತ್ತವೆ.

ಓಪಿ ಚೀಟಿಗಳು ಮೂರಿದ್ದವು. ಮೇಜಿನ ಮೇಲೆ ತಾರೀಕಿನ ಪ್ರಕಾರ ಜೋಡಿಸಿದೆ. ಹದಿನಾಲ್ಕು ತಿಂಗಳಲ್ಲಿ ಮೂರು ಸಲ. ಮೊದಲನೆಯದರಲ್ಲಿ ಹುಬ್ಬಿನ ಮೇಲೆ ಹೊಲಿಗೆ, ಎರಡನೆಯದರಲ್ಲಿ ಭುಜ ಊತ, ಮೂರನೆಯದರಲ್ಲಿ ಮತ್ತೆ ಹಣೆ. ಮೂರರಲ್ಲೂ ಕಾರಣದ ಜಾಗದಲ್ಲಿ ಬರೆದದ್ದು ಒಂದೇ: ಜಾರಿ ಬಿದ್ದದ್ದು.

"ಯಾರು ಹೇಳಿದ್ದು ಹೀಗೆ ಅಂತ?" ಕೇಳಿದೆ.

"ಅವ್ರೇ ಪಕ್ಕದಲ್ಲಿ ನಿಂತಿದ್ರಲ್ಲಾ ಅಕ್ಕ. ಹೊಸಿಲು ಎಡವಿ ಬಿದ್ಳು ಅಂದ್ರು. ನರ್ಸಮ್ಮ ನನ್ ಮುಖ ನೋಡಿದ್ರು. ನಾನು ಹೂಂ ಅಂದೆ."

ಆ 'ಹೂಂ' ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮೇಡಂ ಅನ್ನುತ್ತಿದ್ದವಳು ಅಲ್ಲಿಂದ ಅಕ್ಕ ಅಂದಳು, ಅದನ್ನೂ ಮರೆತಿಲ್ಲ. ನಾವು ಕ್ಯಾಲೆಂಡರ್ ಹರಡಿಕೊಂಡು ಮೂರು ಚೀಟಿಗಳ ತಾರೀಕಿನ ಹಿಂದೆ ಮುಂದೆ ಏನು ನಡೆದಿತ್ತು ಅಂತ ಬರೆದೆವು. ಮೊದಲನೆಯದಕ್ಕೆ ಎರಡು ದಿನ ಮುಂಚೆ ಅವಳ ತವರಿನಿಂದ ದುಡ್ಡು ಬಂದಿರಲಿಲ್ಲ. ಮೂರನೆಯ ಚೀಟಿಯ ದಿನ ಅವಳು ಮಗುವನ್ನು ಪಕ್ಕದ ಮನೆಯಲ್ಲಿ ಮಲಗಿಸಿದ್ದಳು. ಪಕ್ಕದ ಮನೆಯಾಕೆಗೆ ಆ ರಾತ್ರಿ ಚೆನ್ನಾಗಿ ನೆನಪಿತ್ತು. ಡಿಐಆರ್ ಮುಗಿಯುವಷ್ಟರಲ್ಲಿ ಎರಡು ಸಲ ಕೂತಿದ್ದೆವು, ಒಟ್ಟು ಐದು ಗಂಟೆ.

ಆಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಇದು ಎಷ್ಟೋ ಓದಿದವರಿಗೂ ಗೊತ್ತಿಲ್ಲ. ಅತ್ತೆಯದು ಒಂದೇ ಹಟ, ಮನೆ ತನ್ನ ಹೆಸರಲ್ಲಿದೆ, ಸೊಸೆಗೆ ಹಕ್ಕಿಲ್ಲ ಅಂತ. ಮುಂಚೆ ಇಂಥ ಮಾತಿಗೆ ನಾವು ತಡವರಿಸುತ್ತಿದ್ದೆವು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಉತ್ತರ ಕೊಟ್ಟಿದೆ: ಮನೆ ಗಂಡನ ಹೆಸರಲ್ಲೇ ಇರಬೇಕಾಗಿಲ್ಲ, ಅವನ ಸಂಬಂಧಿಕರ ಹೆಸರಲ್ಲಿದ್ದರೂ ಅವಳು ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ವಾಸದ ಹಕ್ಕು ಕೇಳಬಹುದು. ವಕೀಲರು ಅದನ್ನೇ ಮುಂದಿಟ್ಟರು.

ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಮಗೆ ಮಧ್ಯಂತರ ಆದೇಶ ಸಿಗಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂಬತ್ತು ಹಾಜರಿ. ಒಂಬತ್ತರಲ್ಲೂ ನಾನೋ ನನ್ನ ಜೊತೆಯವಳೋ ಅವಳೊಂದಿಗೆ ಹೋಗಿದ್ದೆವು. ಕೋರ್ಟಿನ ಆವರಣದಲ್ಲಿ ಹುಣಸೆ ಮರದ ಕೆಳಗೆ ಗಂಡನ ಕಡೆಯವರು ಏಳೆಂಟು ಜನ ನಿಂತಿರುತ್ತಿದ್ದರು. ಅವರ ಎದುರು ಹಾದು ಒಳಗೆ ಹೋಗಬೇಕು. ಒಬ್ಬಳೇ ಆಗಿದ್ದರೆ ಎರಡನೇ ಹಾಜರಿಗೇ ನಿಲ್ಲಿಸಿಬಿಡುತ್ತಿದ್ದೆ ಅಂತ ಅವಳೇ ಹೇಳಿದ್ದಾಳೆ.

ಇಲ್ಲಿ ದುಡ್ಡಿನ ಮಾತು ಬರುತ್ತದೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಬಸ್ಸಿನೊಳಗೆ ನಡೆದ ಸಾಮೂಹಿಕ ಅತ್ಯಾಚಾರ ಇಡೀ ದೇಶವನ್ನು ಬೀದಿಗಿಳಿಸಿತು. 2013ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಿಸಿತು. 2015ರ ಏಪ್ರಿಲ್‌ನಿಂದ ಅದೇ ನಿಧಿಯಲ್ಲಿ ಸಖಿ ಒನ್ ಸ್ಟಾಪ್ ಸೆಂಟರುಗಳು ಶುರುವಾದವು. ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಆಪ್ತಸಮಾಲೋಚನೆ, ಐದು ದಿನದವರೆಗೆ ಉಳಿಯಲು ಜಾಗ, ಎಲ್ಲ ಒಂದೇ ಸೂರಿನಡಿ. ಈಗ ಇವೆಲ್ಲ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಅನ್ನುವ ಹೆಸರಿನಲ್ಲಿ ಸೇರಿವೆ. ರಾತ್ರಿ ಹನ್ನೊಂದಕ್ಕೆ ಮಗು ಎತ್ತಿಕೊಂಡು ಆಚೆ ಬಂದವಳಿಗೆ ಅಂಥ ಒಂದು ಹಾಸಿಗೆ ಎಷ್ಟು ದೊಡ್ಡದು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಸೆಂಟರ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ನಮ್ಮ ಕೆಲವು ಹಳ್ಳಿಗಳಿಂದ ಅದು ಎಪ್ಪತ್ತು ಕಿಲೋಮೀಟರ್. ರಾತ್ರಿ ಬಸ್ಸಿಲ್ಲ. ಆಟೋದವರಿಗೆ ಕೊಡಬೇಕಾದ ದುಡ್ಡು ಯಾವ ಲೆಕ್ಕದ ತಲೆಬರಹದಲ್ಲೂ ಬರುವುದಿಲ್ಲ.

ನಾನು ಕೇಳುವುದು ಇಂಥ ಸಣ್ಣ ಖರ್ಚುಗಳಿಗೇ. ರಾತ್ರಿ ಆಟೋ, ಜೆರಾಕ್ಸು, ಹಾಜರಿಯ ದಿನ ಅವಳಿಗೂ ಮಗುವಿಗೂ ಊಟ, ದಿನಗೂಲಿ ಬಿಟ್ಟು ಸಾಕ್ಷಿ ಹೇಳಲು ಬರುವ ಪಕ್ಕದ ಮನೆಯಾಕೆಯ ಆ ದಿನದ ಕೂಲಿ. ಮತ್ತೆ ಜೊತೆಗೆ ಹೋಗುವವರ ಸಂಬಳ. ಒಂದು ವರ್ಷ ನಮ್ಮ ಅನುದಾನದ ಕಡತ ಎಲ್ಲೋ ನಿಂತು ಏಳು ತಿಂಗಳು ದುಡ್ಡು ಬರಲಿಲ್ಲ. ನನ್ನ ಜೊತೆ ಇದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಗಾರ್ಮೆಂಟ್ಸ್‌ಗೆ ಸೇರಿಕೊಂಡಳು. ಅವಳನ್ನು ದೂರಲು ಮನಸ್ಸು ಬರುವುದಿಲ್ಲ, ಅವಳಿಗೂ ಮನೆ ಬಾಡಿಗೆ ಇದೆ. ಆದರೆ ಅವಳ ಹತ್ತಿರ ಹೇಳಿಕೊಂಡಿದ್ದ ಹೆಂಗಸರಲ್ಲಿ ನಾಲ್ವರು ಮತ್ತೆ ಬರಲೇ ಇಲ್ಲ. ಕಟ್ಟಡ ಕಟ್ಟಿದರೆ ಉದ್ಘಾಟನೆ ಆಗುತ್ತದೆ, ಫೋಟೋ ಬರುತ್ತದೆ. ಒಂಬತ್ತು ಸಲ ಜೊತೆಗೆ ಹೋದದ್ದಕ್ಕೆ ಫೋಟೋ ಇಲ್ಲ, ಆದರೆ ಕೇಸು ನಿಲ್ಲುವುದು ಅದರಿಂದಲೇ.

ಕೆಲಸ ಎಷ್ಟಿದೆ ಅಂತ ತಿಳಿಯಲು ಒಂದು ಅಂಕಿ ಸಾಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದವರು ಶೇ 20.6. ಐದನೇ ಸುತ್ತಿನಲ್ಲಿ ಅದು ಶೇ 44.4. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಹೇಳಿಕೊಂಡವರ ಎದುರು ಕೂರಲು ಜನ ಬೇಕಲ್ವಾ?

ನರ್ಸಮ್ಮಂದಿರಿಗೆ, ಡಾಕ್ಟರುಗಳಿಗೆ ನನ್ನದೊಂದು ಕೋರಿಕೆ. ಗಾಯ ನೋಡುವಾಗ ಜೊತೆಗೆ ಬಂದವರನ್ನು ಎರಡು ನಿಮಿಷ ಆಚೆ ಕಳಿಸಿ. ಆಮೇಲೆ ಅವಳನ್ನು ಕೇಳಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ. ಓದುವವರಲ್ಲಿ ಯಾರಿಗಾದರೂ ಪಕ್ಕದ ಮನೆಯ ಗಲಾಟೆ ಕೇಳಿಸುತ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಆ ಗಳಿಗೆಯಲ್ಲಿ ಜೀವಕ್ಕೆ ಅಪಾಯ ಅನ್ನಿಸಿದರೆ ತುರ್ತು ಸಂಖ್ಯೆ 112ಕ್ಕೆ. ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ.

ಅವಳಿಗೆ ಆದೇಶ ಸಿಕ್ಕಿತು. ಅದೇ ಮನೆಯಲ್ಲಿ ಹಿಂದಿನ ಕೋಣೆ, ತಿಂಗಳಿಗೆ 5,000 ರೂಪಾಯಿ, ಕೈ ಮಾಡಬಾರದು. ಒಂದು ಸಲ ಗಂಡ ಬಾಗಿಲಿಗೆ ಬೀಗ ಹಾಕಿ ಹೊರಗೆ ನಿಲ್ಲಿಸಿದ. ಅವಳು 112ಕ್ಕೆ ಫೋನ್ ಮಾಡಿ, ಬಂದ ಪೊಲೀಸರಿಗೆ ಆದೇಶದ ನಕಲು ಕೊಟ್ಟಳು. ಅರ್ಧ ಗಂಟೆಯಲ್ಲಿ ಬೀಗ ತೆಗೆಸಿದರು. ನನಗೆ ವಿಷಯ ಗೊತ್ತಾದದ್ದು ಮಾರನೇ ದಿನ.

ಹೋದ ಯುಗಾದಿ ಆದಮೇಲೆ ಒಂದು ದಿನ ಕೇಂದ್ರಕ್ಕೆ ಬಂದಳು. ಮುಂಗೈಗೆ ಮುಲಾಮು ಹಚ್ಚಿತ್ತು. ನನ್ನ ಮುಖ ನೋಡಿ ತಾನೇ ಹೇಳಿದಳು, "ಇಲ್ಲ ಅಕ್ಕ, ಇದು ಒಬ್ಬಟ್ಟು ಮಾಡೋವಾಗ ಬಿಸಿ ಎಣ್ಣೆ ಸಿಡಿದಿದ್ದು. ನಿಜವಾಗ್ಲೂ. ನರ್ಸಮ್ಮ ಕೇಳಿದ್ರು, ಒಬ್ಳೇ ಇದ್ದೆ, ಹಂಗೇ ಬರ್ಸಿದೀನಿ." ಅದೇ ಬಟ್ಟೆ ಅಂಗಡಿಯ ಕವರ್ ತೆಗೆದು, ಆ ಚೀಟಿಯನ್ನೂ ಉಳಿದವುಗಳ ಜೊತೆ ಸೇರಿಸಿ ಇಟ್ಟುಕೊಂಡಳು.