ಗೌಂಡಿ ಅಪ್ಪನ ಜೊತೆ ಗುಮ್ಮಟ ನೋಡಲು ಹೋದದ್ದು

ನಮ್ಮ ಮನೆ ಮಾಳಿಗೆ ಮೇಲೆ ನಿಂತರೆ ಗೋಳಗುಮ್ಮಟ ಕಾಣುತ್ತದೆ. ವಿಜಯಪುರದಲ್ಲಿ ಇದೇನು ದೊಡ್ಡ ಮಾತಲ್ಲ, ಅರ್ಧ ಊರಿಗೆ ಕಾಣುತ್ತದೆ. ಅಪ್ಪ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಮನೆಗೆ ಯಾವ ನೆಂಟರು ಬಂದರೂ ಅಲ್ಲಿಗೆ ಕರೆದುಕೊಂಡು ಹೋಗಿ, "ಜಗತ್ತಿನ್ಯಾಗ ಎರಡನೇ ದೊಡ್ಡ ಗುಮ್ಮಟ ಇದು" ಅನ್ನುತ್ತಿದ್ದರು. ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಸುಮ್ನೆ ಕೇಳಿದಳು, "ಹಂಗಾದ್ರ ಮೊದಲನೇದು ಎಲ್ಲೈತ್ರೀ ಮಾವಾರ?" "ರೋಮ್‌ನ್ಯಾಗ ಐತಂತ" ಅಂದರು ಅಪ್ಪ. ಆ "ಅಂತ" ಅವರಿಗೇ ಹಿಡಿಸಲಿಲ್ಲ.

ಅಲ್ಲಿಯವರೆಗೆ ನಾವೂ ಎಲ್ಲರ ಹಾಗೆ ಮೊಬೈಲ್ ನೋಡಿ ಊರು ಆರಿಸುತ್ತಿದ್ದೆವು. ಗೋವಾಕ್ಕೆ ಮೂರು ಸಲ ಹೋಗಿದ್ದೇವೆ. ಏನು ನೋಡಿದೆವು ಅಂತ ಕೇಳಿದರೆ ಮೀನಿನ ಊಟ ಬಿಟ್ಟು ಬೇರೇನೂ ನೆನಪಿಲ್ಲ. ಹೆಂಡತಿಯ ಆ ಪ್ರಶ್ನೆ ಬಂದ ಮೇಲೆ ನಾನು ಊರು ಹುಡುಕುವುದು ಬಿಟ್ಟು ಗುಮ್ಮಟ ಹುಡುಕಲು ಶುರು ಮಾಡಿದೆ.

ಮೊದಲು ಹತ್ತಿರದ್ದು. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದು. ಅದಕ್ಕೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಮಾಳಿಗೆ, ಮೇಲೆ ಸಾಲು ಸಾಲು ಗುಮ್ಮಟ. ಅಪ್ಪ ಅಲ್ಲಿ ಕಮಾನು ನೋಡುತ್ತಾ ಅರ್ಧ ದಿನ ಕೂತರು. ಆಮೇಲೆ ಬೀದರ್ ಆಯಿತು, ಆಗ್ರಾ ಆಯಿತು. ಶಾಹಜಹಾನ್ ಮತ್ತು ಗೋಳಗುಮ್ಮಟ ಕಟ್ಟಿಸಿದ ನಮ್ಮ ಮೊಹಮ್ಮದ್ ಆದಿಲ್ ಶಾಹ ಒಂದೇ ಕಾಲದವರು. ತಾಜ್ ನೋಡಿ ಅಪ್ಪ "ಚಂದೈತಿ" ಅಂದರು, ಅಷ್ಟೇ. ಅಮೃತಶಿಲೆ ಅವರಿಗೆ ಕೆಲಸ ಅನಿಸುವುದಿಲ್ಲ, ಅಲಂಕಾರ ಅನಿಸುತ್ತದೆ.

ಈ ಸಣ್ಣ ಪ್ರವಾಸಗಳಲ್ಲಿ ಅಪ್ಪನ ಕಾಲು ಎಷ್ಟು ನಡೆಯುತ್ತದೆ, ಎಷ್ಟು ಹೊತ್ತಿಗೆ ಹಸಿವಾಗುತ್ತದೆ, ಎಲ್ಲಾ ತಿಳಿದಿತ್ತು. ನೇರ ರೋಮಿಗೆ ಹೋಗಿದ್ದರೆ ಅಲ್ಲಿ ಜಗಳವಾಡಿಕೊಂಡು ಬರುತ್ತಿದ್ದೆವು.

ನಾನು ಸರಕಾರಿ ಶಾಲೆ ಮಾಸ್ತರ. ಸಿಗುವುದು ದಸರಾ ರಜೆ, ಅದಕ್ಕೂ ಮೊದಲು ಇಲಾಖೆಯ ಅನುಮತಿ ಪತ್ರ ಬೇಕು. ಇಟಲಿಗೆ ಬೇಕಾದ್ದು ಷೆಂಗೆನ್ ವೀಸಾ, ಯೂರೋಪಿನ ಹಲವು ದೇಶಗಳಿಗೆ ಒಂದೇ ನಡೆಯುವ ವೀಸಾ. ಹೊರಡುವ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡ ಅಂದರೆ 15 ದಿನ ಮೊದಲು. ಆ 15 ದಿನ ನಂಬಿ ಕೂರಬೇಡಿ, ನಾನು ಜುಲೈಯಲ್ಲೇ ಹಾಕಿದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆಯೂ ಕಡ್ಡಾಯ.

ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಿತ್ತು. ಹೋದದ್ದು ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲೇ, ಬೇಕಂತಲೇ. ವೀಸಾ ಕೇಂದ್ರದಲ್ಲಿ ಸಿಕ್ಕಿಬಿದ್ದೆವು ನೋಡಿ. ಸಿಮೆಂಟು ಸುಣ್ಣ ಕಲಸಿ ಕಲಸಿ ಅಪ್ಪನ ಬೆರಳಿನ ಗೆರೆಗಳೇ ಸವೆದುಹೋಗಿವೆ. ಯಂತ್ರ ಒಂದು ಬೆರಳು ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ. ರೇಷನ್ ಅಂಗಡಿಯಲ್ಲೂ ಇದೇ ಗೋಳು, ನನಗೆ ಮೊದಲೇ ಹೊಳೆಯಬೇಕಿತ್ತು. ಅಪ್ಪನಿಗೆ ನಾಚಿಕೆಯಾಗಿ "ನೀವಿಬ್ರೇ ಹೋಗ್ರಿ" ಅಂತ ಎದ್ದೇಬಿಟ್ಟರು. ಕೌಂಟರಿನ ಹುಡುಗಿ ಬಿಡಲಿಲ್ಲ. ಒದ್ದೆ ಕಾಗದದಿಂದ ಬೆರಳು ಒರೆಸಿ, ಒಂದೊಂದಾಗಿ ಒತ್ತಿಸಿ, ಐದಾರು ಸಲ ಪ್ರಯತ್ನ ಮಾಡಿ ಮುಗಿಸಿದಳು. ನಿಮ್ಮ ಮನೆಯಲ್ಲೂ ಮಣ್ಣು, ಸುಣ್ಣ, ಸಿಮೆಂಟಿನಲ್ಲಿ ದುಡಿದ ಹಿರಿಯರಿದ್ದರೆ ಎರಡು ವಾರ ಮೊದಲೇ ಆ ಕೆಲಸ ಬಿಡಿಸಿ, ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಸಿ.

ಬುತ್ತಿಗೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ತುಪ್ಪ, ಪೇಡೆ ಕಟ್ಟಬೇಡಿ. ಯೂರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ಮೊಸರು ಅಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ನಮ್ಮ ರೊಟ್ಟಿಗೆ ಏನೂ ಕಮ್ಮಿಯಾಗಲಿಲ್ಲ. ರೋಮಿನ ಬೀದಿಗಳಲ್ಲಿ ದಿನವಿಡೀ ಹರಿಯುವ ಕುಡಿಯುವ ನೀರಿನ ನಲ್ಲಿಗಳಿವೆ. ಅದನ್ನು ನೋಡಿ ಅಪ್ಪನಿಗೆ ವಿಜಯಪುರದ ಹಳೆಯ ಬಾವಿ ತಾಜ್ ಬಾವಡಿ, ಕೆರೆ ಬೇಗಂ ತಲಾಬ್ ನೆನಪಾಗಿ, ನಮ್ಮೂರಿನ ನೀರಿನ ಬಗ್ಗೆ ಒಂದು ತಾಸು ಮಾತಾಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ರೋಮಿನ ಹಳೆಯ ದೇವಾಲಯ ಪ್ಯಾಂಥಿಯನ್‌ಗೆ ಸುಮಾರು 1,900 ವರ್ಷ. ಗುಮ್ಮಟದ ಅಗಲ 43 ಮೀಟರ್ ಮೇಲೆ, ನೆಲದಿಂದ ತುದಿಗೆ ಎತ್ತರವೂ ಅಷ್ಟೇ. ಕಬ್ಬಿಣದ ಒಂದು ಸರಳೂ ಇಲ್ಲದ ಕಾಂಕ್ರೀಟು. ನೆತ್ತಿಯಲ್ಲಿ ದೊಡ್ಡ ತೂತು, ಮುಚ್ಚಳವಿಲ್ಲ. "ಮಳಿ ಬಂದ್ರ?" ಅಂದರು ಅಪ್ಪ. ನೆಲ ಸ್ವಲ್ಪ ಇಳಿಜಾರಾಗಿದೆ, ನೀರು ಹೋಗಲು ಸಣ್ಣ ತೂತುಗಳಿವೆ. ಅವನ್ನು ಹುಡುಕಿ ತೋರಿಸಿದವರೂ ಅವರೇ. ಮೇಲೆ ಹೋದ ಹಾಗೆ ಗುಮ್ಮಟ ತೆಳ್ಳಗಾಗುತ್ತದೆ, ಹಗುರ ಕಲ್ಲು ಬೆರೆಸಿದ್ದಾರೆ ಅಂತ ನಾನು ಓದಿ ಹೇಳಿದೆ. "ಎಲ್ಲಾರೂ ಭಾರ ಇಳಸಾಕಽ ಒದ್ದಾಡ್ಯಾರ" ಅಂದರು.

ಆಮೇಲೆ ಲೆಕ್ಕ ಶುರುವಾಯಿತು. ಗೋಳಗುಮ್ಮಟದ ಹೊರ ಅಳತೆ ಸುಮಾರು 44 ಮೀಟರ್, ಒಳ ಅಳತೆ 38ರ ಹತ್ತಿರ. ಒಳಗಿನಿಂದ ಅಳೆದರೆ ಪ್ಯಾಂಥಿಯನ್ ದೊಡ್ಡದು, ಪೋಪರ ಚರ್ಚು ಸೇಂಟ್ ಪೀಟರ್ಸ್ ದೊಡ್ಡದು, ಇಟಲಿಯ ಇನ್ನೊಂದು ಊರು ಫ್ಲಾರೆನ್ಸ್‌ನದ್ದೂ ದೊಡ್ಡದು. ನಮ್ಮ "ಎರಡನೇ ದೊಡ್ಡದು" ಅಲ್ಲಿಗೆ ಕುಸಿಯಿತು. ಅಪ್ಪ ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ಆ ರಾತ್ರಿ ಹಾಸಿಗೆಯಲ್ಲಿ ಕೂತು, ನಾಲ್ಕು ಗೋಡೆಯ ಚೌಕದ ಮೇಲೆ ಎಂಟು ಕಮಾನು ಒಂದಕ್ಕೊಂದು ಹೆಣೆದು ನಮ್ಮ ಗುಮ್ಮಟ ಕೂರಿಸಿದ ಬಗೆಯನ್ನು ಬೆರಳಲ್ಲಿ ಗೀರಿ ತೋರಿಸಿದರು. ಪ್ಯಾಂಥಿಯನ್ನಿನ ಗೋಡೆ ದುಂಡಗಿದೆ, ದುಂಡಗಿನ ಗೋಡೆ ಮೇಲೆ ದುಂಡಗಿನದ್ದು ಇಡುವುದು ಸುಲಭ ಅಂತ ಅವರ ವಾದ. ಪಕ್ಷಪಾತ ಇರಬಹುದು, ಆದರೆ ಮಾತು ಸುಳ್ಳಲ್ಲ ಅಲ್ವಾ?

ಸೇಂಟ್ ಪೀಟರ್ಸ್‌ನಲ್ಲಿ ನಾನೇ ಎಡವಿದೆ. ಬುಧವಾರ ಬೆಳಗ್ಗೆ ಹೋದೆವು. ಅದು ಪೋಪ್ ಜನರಿಗೆ ದರ್ಶನ ಕೊಡುವ ದಿನ, ಒಳಗೆ ಬಿಡಲು ಮಧ್ಯಾಹ್ನವಾಯಿತು. ಬೇರೆ ದಿನ ಇಟ್ಟುಕೊಳ್ಳಿ.

ನಿಜವಾದ ಹಬ್ಬ ಫ್ಲಾರೆನ್ಸ್‌ನಲ್ಲಿ. ಅಲ್ಲಿಯ ದೊಡ್ಡ ಚರ್ಚಿಗೆ ಬ್ರುನೆಲೆಸ್ಕಿ ಅನ್ನುವವನು 1420ರಿಂದ 1436ರವರೆಗೆ ಕಟ್ಟಿದ ಇಟ್ಟಿಗೆಯ ಗುಮ್ಮಟ. ಮೇಲಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಟಿಕೆಟ್ಟಿನಲ್ಲಿ ಹೆಸರು, ದಿನ, ಗಂಟೆ ಎಲ್ಲಾ ಇರುತ್ತದೆ, ಬಹಳ ಮುಂಚೆ ಕಾಯ್ದಿರಿಸಬೇಕು. ಇದಕ್ಕಾಗಿ ಎರಡು ತಿಂಗಳು, ವಾರಕ್ಕೆರಡು ಸಲ, ಅಪ್ಪನನ್ನು ನಮ್ಮ ಗುಮ್ಮಟದ ಏಳಂತಸ್ತು ಹತ್ತಿಸಿದ್ದೆ. ಮಕ್ಕಳ ಕೂಗಾಟ ಶುರುವಾಗುವ ಮೊದಲು, ಬೆಳಗ್ಗೆ.

ಫ್ಲಾರೆನ್ಸ್‌ನ ಗುಮ್ಮಟಕ್ಕೆ ಎರಡು ಪದರ. ಹತ್ತುವ ದಾರಿ ಆ ಎರಡರ ನಡುವೆಯೇ. ಅರ್ಧ ದಾರಿಯಲ್ಲಿ ಅಪ್ಪ ನಿಂತುಬಿಟ್ಟರು. ದಮ್ಮು ಹತ್ತಿತೇನೋ ಅಂತ ನನಗೆ ಗಾಬರಿ. ಅವರು ಇಟ್ಟಿಗೆ ನೋಡುತ್ತಿದ್ದರು. ಅಡ್ಡ ಸಾಲಿನ ನಡುವೆ ಅಲ್ಲಲ್ಲಿ ಇಟ್ಟಿಗೆ ನೆಟ್ಟಗೆ ನಿಲ್ಲಿಸಿ, ಮೀನಿನ ಮುಳ್ಳಿನ ಹಾಗೆ ಹೆಣೆದಿದ್ದಾರೆ. ಕೆಳಗಿನಿಂದ ಸೆಂಟ್ರಿಂಗ್ ಕೊಡದೇ ಕಟ್ಟಿದ್ದರಿಂದ, ಹಸಿ ಗಾರೆಯ ಮೇಲಿನ ಇಟ್ಟಿಗೆ ಜಾರದ ಹಾಗೆ ಹಿಡಿದದ್ದು ಆ ನಿಂತ ಇಟ್ಟಿಗೆ. ಅಪ್ಪ ಅದರ ಮೇಲೆ ಅಂಗೈ ಇಟ್ಟು, "ತಮ್ಮಾ, ಇಂವಾ ನಮ್ಮಂವಾ" ಅಂದರು. ಹಿಂದೆ ನಿಂತ ಜನ ದಾರಿ ಬಿಡಿ ಅಂತ ಸನ್ನೆ ಮಾಡಿದರೂ ಕೈ ತೆಗೆಯಲಿಲ್ಲ.

ಮುಂದಿನದು ಇಸ್ತಾಂಬುಲ್ ಅಂದುಕೊಂಡಿದ್ದೇವೆ. 537ರಲ್ಲಿ ಚರ್ಚಾಗಿ ಕಟ್ಟಿದ ಅಲ್ಲಿನ ಹಾಗಿಯಾ ಸೋಫಿಯಾದ ಗುಮ್ಮಟ ಇಪ್ಪತ್ತೊಂದು ವರ್ಷಕ್ಕೆ ಬಿದ್ದು, ಮತ್ತೆ ಎತ್ತರಿಸಿ ಕಟ್ಟಿದ್ದು. ಬಿದ್ದದ್ದು ಯಾಕೆ ಅಂತ ಅಪ್ಪನಿಗೆ ನೋಡಬೇಕಂತೆ.

ಬಾದಾಮಿಯ ನನ್ನ ಷಡ್ಡಕ ಈಗ ಇದೇ ದಾರಿ ಹಿಡಿದಿದ್ದಾನೆ. ಅವನದು ಬಂಡೆ ಕೊರೆದ ಗುಹೆ. ಅಜಂತಾ, ಎಲ್ಲೋರಾ ಮುಗಿಸಿ ಜೋರ್ಡಾನ್‌ನ ಪೆಟ್ರಾಕ್ಕೆ ದುಡ್ಡು ಕೂಡಿಸುತ್ತಿದ್ದಾನೆ. ಇಥಿಯೋಪಿಯಾದ ಲಾಲಿಬೆಲಾದಲ್ಲಿ ಬಂಡೆ ಕಡಿದು ಮಾಡಿದ ಹನ್ನೊಂದು ಚರ್ಚುಗಳಿವೆ ಅಂತ ಹೇಳಿ ನಾನು ಅವನ ಖರ್ಚು ಇನ್ನಷ್ಟು ಹೆಚ್ಚಿಸಿದೆ.

ಊರಿಗೆ ಬಂದ ಮೇಲೆ ಅಪ್ಪ ಅಟ್ಟದ ಮೇಲಿನ ಕರಣಿ ಇಳಿಸಿದರು. ಹಿತ್ತಲಿನ ಹಳೆಯ ತುಳಸಿಕಟ್ಟೆ ಒಡೆದು, ನಿಂತ ಇಟ್ಟಿಗೆ, ಮಲಗಿದ ಇಟ್ಟಿಗೆ ಹೆಣೆದು ಹೊಸದು ಕಟ್ಟಿದರು. ಮೂರು ಸಲ ಬಿಚ್ಚಿ ಕಟ್ಟಿದ್ದಾರೆ. ದೀಪಾವಳಿಗೆ ಪ್ಲಾಸ್ಟರ್ ಮಾಡಿ ಬಣ್ಣ ಹಚ್ಚೋಣ ಅಂತ ಹೆಂಡತಿ ಕೇಳುತ್ತಲೇ ಇದ್ದಾಳೆ. ಇಟ್ಟಿಗೆ ಮುಚ್ಚಿಹೋಗುತ್ತದೆ ಅಂತ ಅಪ್ಪ ಬಿಡುತ್ತಿಲ್ಲ.